ಪಾರೆಗೂ ಒಂದು ಬಂದ್

"ಪಾಚಿಗೆ ರೋಗ ಬಂದಿದೆ" ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ರೋಗ ಅಲ್ಲ ಮಾರಾಯ್ರೆ, ಏಪ್ರಿಲ್ ಬಂದಿದೆ, ಅಷ್ಟೇ! ಇದನ್ನು ಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆ. ಊರಲ್ಲಿ ನನ್ನನ್ನು ಪಾಚಿ ಡಾಕ್ಟ್ರು ಎನ್ನುತ್ತಾರೆ. ಹೆಸರು ವಾರಿಜಾ ಮೆಂಡನ್. ಓದಿದ್ದು ಕಡಲಪಾಚಿ, ಕೆಲಸ ಜೀವವಿದ್ಯುತ್ ನಿಗಮದಲ್ಲಿ, ಮದುವೆಯಾಗಿ ಬಂದದ್ದು ಇದೇ ತೆರೆಗೋಡಿನ ಮೀನುಗಾರರ ಮನೆಗೆ. ಹಾಗಾಗಿ ಆಫೀಸಿನಲ್ಲೂ ಪಾಚಿಯದ್ದೇ ಜಗಳ, ಮನೆಯಲ್ಲೂ ಪಾಚಿಯದ್ದೇ ಜಗಳ.

ತೆರೆಗೋಡಿಗೆ ಕರೆಂಟು ಬರುವುದು ಪಾರೆಯಿಂದ, ಅಂದರೆ ದಡದ ಬಂಡೆಸಾಲಿನಿಂದ. ಘಟ್ಟದ ಮೇಲಿಂದ ಬರುತ್ತಿದ್ದ ಲೈನನ್ನು ಗುಡ್ಡ ಕುಸಿದು ಕುಸಿದು ಸರ್ಕಾರವೇ ಕೈಬಿಟ್ಟಿತು. ಸೋಲಾರ್ ಯಾಕಿಲ್ಲ ಎಂದು ಕೇಳುವವರಿದ್ದಾರೆ. ಇತ್ತು. ಹಾಕಿದಾಗಲೆಲ್ಲ ಚಂಡಮಾರುತ ಬಂದು ಹಾರಿಸಿಕೊಂಡು ಹೋಯಿತು. ಅಂಥ ಗಾಳಿಗೂ ತೆರೆಗೂ ಜಗ್ಗದೆ ಕಲ್ಲಿಗೆ ಕಚ್ಚಿಕೊಂಡು ಉಳಿದದ್ದು ಒಂದೇ, ಪಾರೆಯ ಮೇಲಿನ ಕೆಂಪು ಪಾಚಿ. ಬಿಸಿಲು ಕುಡಿದು ಸಕ್ಕರೆ ಮಾಡಿಕೊಳ್ಳುವಾಗ ಅದರ ಮೈಯಿಂದ ಚೂರುಪಾರು ವಿದ್ಯುತ್ತು ಹೊರಗೆ ಸೋರುತ್ತದೆ. ಕೂದಲಿಗಿಂತ ತೆಳುವಾದ ಇಂಗಾಲದ ಎಳೆಯ ಬಲೆ ಹಾಸಿ ಅದನ್ನು ಹಿಡಿಯುತ್ತೇವೆ. ಬಲೆಗೆ ಮೀನಿನ ಬದಲು ಕರೆಂಟು ಬೀಳುವುದನ್ನು ಕಂಡು ಊರಿನವರು ಮೊದಮೊದಲು ಬಿದ್ದು ಬಿದ್ದು ನಗಾಡಿದ್ದರಂತೆ. ಆಮೇಲೆ ಅದೇ ಕರೆಂಟಲ್ಲಿ ಫ್ಯಾನು, ಫ್ರಿಜ್ಜು, ಐಸ್ ಪ್ಲಾಂಟು ಎಲ್ಲ ಓಡಿತು.

ಆದರೆ ಪಾಚಿ ಮೆಶಿನ್ ಅಲ್ಲ. ಭರಣಿ ತೊಳೆದು ಉಪ್ಪಿನಕಾಯಿ ಹಾಕಿಡುವ ಹೆಂಗಸಿನ ಬುದ್ಧಿ ಅದಕ್ಕೆ. ಮಳೆಗಾಲದಲ್ಲಿ ಹೊಳೆಗಳು ಗುಡ್ಡ ತೊಳೆದು ತಂದ ಸಾರ ಕಡಲಲ್ಲಿ ಬೇಕಾದಷ್ಟು ಇರುತ್ತದೆ. ಬೆಳಕು ಮಾತ್ರ ಇಲ್ಲ. ಆಗ ಪಾಚಿ ಸಾರಜನಕವನ್ನು ಬಾಚಿ ಬಾಚಿ ಒಳಗೆ ತುಂಬಿಕೊಂಡು, ಅದರಿಂದಲೇ ಬಣ್ಣ ಕಟ್ಟಿಕೊಂಡು ಕಪ್ಪುಗೆಂಪಾಗುತ್ತದೆ, ಬಿದ್ದ ಚೂರು ಬೆಳಕೂ ಕೈತಪ್ಪಬಾರದು ಎಂದು. ಮಳೆ ಬಿಟ್ಟು ಹದವಾದ ಬಿಸಿಲು ಬಿದ್ದಾಗ ಆ ಗಂಟು ಬಿಚ್ಚಿ ಸೊಂಪಾಗಿ ಬೆಳೆಯುತ್ತದೆ. ಬೇಸಗೆಯಲ್ಲಿ ಎಲ್ಲ ತಿರುಗುಮುರುಗು. ಬೆಳಕು ತಲೆ ಒಡೆಯುವಷ್ಟು, ನೀರಲ್ಲಿ ಸಾರವೇ ಇಲ್ಲ. ಆಗ ತಾನು ಕಟ್ಟಿದ ಬಣ್ಣವನ್ನು ತಾನೇ ಕರಗಿಸಿ ಉಣ್ಣುತ್ತದೆ. ಹೊಟ್ಟೆಗೂ ಆಯಿತು, ಮಿಕ್ಕಿದ ಬಿಸಿಲು ಮೈಗೆ ಹತ್ತುವುದೂ ತಪ್ಪಿತು. ಹೀಗೆ ಬಿಳಿಚಿ, ಗಿಡ್ಡವಾಗಿ, ಬುಡವೊಂದನ್ನು ಭದ್ರವಾಗಿಟ್ಟುಕೊಂಡು ಮುಂದಿನ ಮಳೆಗೆ ಕಾಯುತ್ತದೆ. ಆ ದಿನಗಳಲ್ಲಿ ನಮ್ಮ ಕರೆಂಟು ಅರ್ಧಕ್ಕಿಳಿಯುತ್ತದೆ.

ಆ ಅರ್ಧವೇ ನಿಗಮಕ್ಕೆ ಹೊಟ್ಟೆನೋವು. "ಹನ್ನೆರಡು ತಿಂಗಳ ಬೆಳಕು" ಎಂಬ ಯೋಜನೆ ಮಾಡಿದರು. ಪಾರೆಯುದ್ದಕ್ಕೂ ಕೊಳವೆ ಎಳೆದು, ಬೇಸಗೆಯಲ್ಲಿ ಪಾಚಿಗೆ ಸಾರಜನಕದ ನೀರು ಬಿಡುವುದು. ಉಂಡು ಉಂಡು ಅದು ಮತ್ತೆ ಕಪ್ಪುಗೆಂಪಾಗಬೇಕು, ಕರೆಂಟು ಇಳಿಯಬಾರದು. ಕೇಳಲಿಕ್ಕೆ ಚಂದವೇ.

*

"ಅಲ್ರೀ ಮೇಡಮ್, ಹಸದದ್ದಕ್ಕ ಊಟಾ ಹಾಕ್ತೀವಿ ಅಂದ್ರ ಬ್ಯಾಡ ಅಂತೀರಲ್ಲ, ಎಂಥಾ ಡಾಕ್ಟರ್ ನೀವು?" ಎಂದರು ಹಂಪಣ್ಣವರ್ ಸಾಹೇಬರು. ನಮ್ಮ ಮುಖ್ಯ ಎಂಜಿನಿಯರ್ ಅವರು, ಗದಗ ಕಡೆಯವರು. ಕೆಟ್ಟ ಮನುಷ್ಯರೇನಲ್ಲ. ಕೆಲಸದ ಮೇಲೆ ಪ್ರಾಣ, ಮೇಲಿನವರೆಂದರೆ ಹೆದರಿಕೆ.

"ಸಾರ್, ಈ ಬಿಸಿಲಲ್ಲಿ ಅದಕ್ಕೆ ಬಣ್ಣ ಕಟ್ಟಿಸಿದರೆ ಕಂಬಳಿ ಹೊದ್ದು ಬಯಲಲ್ಲಿ ನಿಂತ ಹಾಗೆ. ಇಳಿತದ ಹೊತ್ತು ಪಾರೆ ಬರಿದಾಗ ಸುಟ್ಟು ಹೋಗುತ್ತದೆ. ಬುಡವೂ ಉಳಿಯುವುದಿಲ್ಲ. ಕಲ್ಲಬೆಂಗ್ರೆಯಲ್ಲಿ ಹೋದ ವರ್ಷ ಆದದ್ದೇನು?"

"ಅಲ್ಲಿ ಡೋಸ್ ಜಾಸ್ತಿ ಆತು. ಇಲ್ಲಿ ಕಮ್ಮೀ ಹಾಕೋಣು."

"ವಿಷ ಕಮ್ಮಿ ಹಾಕುವ ಅಂತಲಾ ಸಾರ್?"

ಅವರು ಗೋಡೆಯ ಪರದೆ ಕಡೆ ಕೈ ಮಾಡಿದರು. ಕಂಟ್ರೋಲ್ ರೂಮಿನ ಆ ಪರದೆಯಲ್ಲಿ ಎರಡೇ ಗೆರೆ. ಪಾರೆ ಕೊಡುವುದು ನೀಲಿ, ಊರು ಎಳೆಯುವುದು ಕೆಂಪು. ಕೆಂಪು ಗೆರೆ ನೀಲಿಗಿಂತ ಮೇಲೆ ಒಂದು ವಾರ ನಿಂತರೆ ಸಾರಜನಕದ ವಾಲ್ವು ತನ್ನಷ್ಟಕ್ಕೆ ತೆರೆಯುತ್ತದೆ. ಕೈಯಲ್ಲಿ ತೆರೆಯಲಿಕ್ಕೂ ಆಗುವುದಿಲ್ಲ, ಮುಚ್ಚಲಿಕ್ಕೂ ಆಗುವುದಿಲ್ಲ. ರಾಜಧಾನಿಯಲ್ಲಿ ಕೂತವರು ಕೆಳಗಿನ ಯಾರನ್ನೂ ನಂಬದೆ ಮಾಡಿಸಿದ ವ್ಯವಸ್ಥೆ ಅದು. ಈಗ ಕೆಂಪು ಮೇಲೇರಿ ಎರಡು ದಿನವಾಗಿತ್ತು.

"ಮ್ಯಾಲಿಂದ ಮಂತ್ರಿ ಬರ್ತಾರ. ಆವತ್ತ ಪಾಚಿ ಕೆಂಪಗ ಮಿಂಚಬೇಕು. ಸುಮ್ನ ಕೂಡ್ರಿ ಮೇಡಮ್, ಕೈ ಮುಗೀತೀನಿ."

ಆಪರೇಟರ್ ಫೆಲಿಕ್ಸ್ ನನ್ನ ಮುಖ ನೋಡಿದ, ಮತ್ತೆ ಪರದೆ ನೋಡಿದ. ಅವನ ಹೆಂಡತಿಯ ತವರು ಕಲ್ಲಬೆಂಗ್ರೆ. ನಾನು ಚಪ್ಪಲಿ ಮೆಟ್ಟಿ ಹೊರಟೆ. ಕೂಗಾಡುವುದಕ್ಕೆ ಅಲ್ಲಿ ಜಾಗವಿರಲಿಲ್ಲ.

*

ಮನೆಯಲ್ಲಿ ಜಾಗವಿತ್ತು, ಆದರೆ ಕೂಗಾಡಲು ಆಗಲೇ ಬೇರೆಯವರು ಶುರುಮಾಡಿದ್ದರು. ನನ್ನ ಅತ್ತೆ ಗುಲಾಬಿ ಮರಕಾಲ್ತಿಯದು ಮೀನು ಮಾರುಕಟ್ಟೆಯಲ್ಲಿ ಮೊದಲ ಜಾಗ, ದೊಡ್ಡ ಬಾಯಿ. ಊರಿನ ಐಸ್ ಪ್ಲಾಂಟನ್ನು ನಡೆಸುವ ಹೆಂಗಸರ ಸಂಘಕ್ಕೂ ಅವರೇ ಯಜಮಾನ್ತಿ. ಬುಟ್ಟಿಯನ್ನು ಜಗಲಿಯಲ್ಲಿ ಕುಕ್ಕಿ ನನಗೆ ತೋರಿಸಿದರು. ಬಂಗಡೆಗಳ ಕಣ್ಣು ಕೆಂಪಾಗಿ, ಹೊಟ್ಟೆ ಮೆತ್ತಗಾಗಿತ್ತು.

"ಕಾಣ್ ಹೆಣೆ, ಕಾಣ್! ಐಸ್ ಗಟ್ಟಿಯೇ ಆತಿಲ್ಲ, ಬರೀ ನೀರ್. ನಿನ್ನ ಪಾರೆಗೆ ರಜೆ ಅಂಬ್ರು. ನನ್ನ ಬಂಗ್ಡೆಗೆ ಯಾರ್ ರಜೆ ಕೊಡ್ತ್ರ್?"

"ಅತ್ತೆ, ಮಳೆ ಬಂದರೆ ಸರಿಯಾಗುತ್ತದೆ."

"ಮಳೆ ಬಪ್ಪತ್ತಿಗೆ ನಾನ್ ಇರ್ತ್ನಾ? ಆ ಸಾಹೇಬ್ರ್ ಎಂತದೋ ನೀರ್ ಬಿಡ್ತೆ ಅಂಬ್ರ್, ಕರೆಂಟ್ ಜಾಸ್ತಿ ಆತ್ತ್ ಅಂಬ್ರ್. ನೀನೇ ಅಡ್ಡ ನಿಂತದ್ ಅಂಬ್ರಲೆ! ಪೇಟೆಯಲ್ಲಿ ನಂಗೆ ತಲೆ ಎತ್ತೂಕೆ ಇಲ್ಲ."

ನನಗೂ ಪಿತ್ತ ನೆತ್ತಿಗೇರಿತು. "ಹೌದು, ನಾನೇ ಅಡ್ಡ ನಿಂತದ್ದು. ಇನ್ನೂ ನಿಲ್ಲುತ್ತೇನೆ. ನಾಳೆ ನನ್ನ ಜೊತೆ ಕಲ್ಲಬೆಂಗ್ರೆಗೆ ಬನ್ನಿ. ಅಲ್ಲಿ ನೋಡಿಯೂ ನೀರು ಬಿಡಬೇಕು ಅನ್ನಿಸಿದರೆ ನಾನು ಬಾಯಿ ಮುಚ್ಚುತ್ತೇನೆ."

"ನೀನ್ ಬಾಯ್ ಮುಚ್ಚುದು ಕಾಂಬುಕಾರೂ ಬತ್ತೆ" ಎಂದರು ಅತ್ತೆ. ಆ ರಾತ್ರಿ ನಾವಿಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕೂತು ಉಂಡೆವು. ಗಂಡ ಆಳಕಡಲ ಬೋಟಿನಲ್ಲಿದ್ದದ್ದು ಅವರ ಪುಣ್ಯ.

ಮರುದಿನ ಕಲ್ಲಬೆಂಗ್ರೆಯಲ್ಲಿ ಬಸ್ಸಿಳಿಯುವಾಗಲೇ ವಾಸನೆ ಬಂತು. ಅತ್ತೆ ಸೆರಗು ಮೂಗಿಗೆ ಹಿಡಿದರು. ಜನ್ಮವಿಡೀ ಮೀನು ಮಾರಿದವರು ಮೂಗು ಮುಚ್ಚಿದ್ದನ್ನು ನಾನು ನೋಡಿದ್ದು ಆವತ್ತೇ. ಇಳಿತದ ಹೊತ್ತು. ಪಾರೆಯ ಮೇಲೆ ಕೆಂಪು ಎನ್ನುವುದು ಹುಡುಕಿದರೂ ಇಲ್ಲ. ಸಾರ ಬಿಟ್ಟಾಗ ಎಲ್ಲಿಂದಲೋ ಬಂದು ಕೂತ ಹಸಿರು ಲೋಳೆ ಮಾತ್ರ ಬಿಸಿಲಿಗೆ ಕೊಳೆಯುತ್ತಾ ಬಿದ್ದಿತ್ತು. ಇಂಗಾಲದ ಬಲೆ ಹರಿದು ಅದರೊಳಗೆ ಸಿಕ್ಕಿಕೊಂಡಿತ್ತು. ಹೋದ ವರ್ಷ ಇದೇ ದಿನಗಳಲ್ಲಿ ಇಲ್ಲಿ ಬೇಸಗೆಯಲ್ಲೂ ದೀಪ ಧಗಧಗ ಉರಿದಿತ್ತು. ಪೇಪರಿನಲ್ಲಿ ಫೋಟೋ ಬಂದಿತ್ತು. ಮೇ ಮುಗಿಯುವುದರೊಳಗೆ ಪಾಚಿ ಸುಟ್ಟು, ಮಳೆ ಬಂದರೂ ಒಂದು ಚಿಗುರೂ ಏಳಲಿಲ್ಲ.

ಅತ್ತೆ ಕಲ್ಲಿನ ಮೇಲೆ ಉಗುರಿನಿಂದ ಕೆರೆದು ನೋಡಿದರು. "ಬುಡ ಎಲ್ಲಿ?"

"ಇಲ್ಲ ಅತ್ತೆ. ಬುಡ ಇದ್ದಿದ್ದರೆ ನನಗೆ ಇಷ್ಟು ಹೆದರಿಕೆ ಇರುತ್ತಿರಲಿಲ್ಲ."

ಹತ್ತಿರದ ಮನೆಯಲ್ಲಿ ಮಟಮಟ ಮಧ್ಯಾಹ್ನವೇ ಚಿಮಣಿ ದೀಪದ ಗಾಜು ಒರೆಸುತ್ತಿದ್ದ ಹೆಂಗಸು ಅತ್ತೆಗೆ ಗುರುತಿನವಳು. "ಗುಲಾಬಕ್ಕ, ನಮ್ಮದು ಆಯ್ತಲ್ಲ ಹೀಂಗೆ" ಎಂದು ಮತ್ತೆ ಗಾಜು ಒರೆಸತೊಡಗಿದಳು. ಅವಳ ಮಕ್ಕಳು ಊರು ಬಿಟ್ಟು ದಕ್ಷಿಣಕ್ಕೆ ಹೋಗಿದ್ದರು. ಐಸ್ ಪ್ಲಾಂಟಿಗೆ ಬೀಗ ಬಿದ್ದಿತ್ತು.

ವಾಪಸು ಬರುವಾಗ ಬಸ್ಸಲ್ಲಿ ಅತ್ತೆ ಕಿಟಕಿಯ ಹೊರಗೆ ನೋಡುತ್ತಾ, ಇದ್ದಕ್ಕಿದ್ದಂತೆ ನಿಗಮದವರಿಗೆಲ್ಲ ಸೇರಿಸಿ ಹಿಡಿಶಾಪ ಹಾಕಲು ಶುರುಮಾಡಿದರು. ಕಂಡಕ್ಟರ್ ಕೂಡ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಕೇಳಿದ. ಬೈದು ಸುಸ್ತಾದ ಮೇಲೆ ನನ್ನ ಕಡೆ ತಿರುಗಿದರು.

"ಹೆಣೆ, ಆ ವಾಲ್ವ್ ತೆರೂದು ಯಾವಾಗ?"

"ಊರು ಎಳೆಯುವುದು ಪಾರೆ ಕೊಡುವುದಕ್ಕಿಂತ ಜಾಸ್ತಿಯಾದಾಗ."

"ನಾವ್ ಎಳೀದಿದ್ರೆ?"

ವರ್ಷಗಟ್ಟಲೆ ಆ ನೀಲಿ ಗೆರೆಯನ್ನು ಏರಿಸುವುದು ಹೇಗೆ ಎಂದೇ ಎಲ್ಲರೂ ತಲೆ ಕೆರೆದುಕೊಂಡಿದ್ದೆವು. ಕೆಂಪು ಗೆರೆ ಇಳಿಯಬಹುದು ಎಂದು ನಿಗಮದಲ್ಲಿ ಯಾರ ಮನಸ್ಸಿಗೂ ಬಂದಿರಲಿಲ್ಲ. ನನ್ನ ಮನಸ್ಸಿಗೂ ಬಂದಿರಲಿಲ್ಲ.

"ಆಷಾಢದಲ್ಲಿ ಮೀನ್ ಮೊಟ್ಟೆ ಇಡ್ತ್ ಅಂದೇಳಿ ನಾವ್ ಬಂದ್ ಮಾಡುದಿಲ್ಯಾ?" ಎಂದರು ಅತ್ತೆ. "ಎರಡ್ ತಿಂಗಳ್ ದೋಣಿ ಮೇಲೆ ಹಾಕಿ ಗಂಜಿ ಉಂಡ್ಕಂಡ್ ಕೂಕಂತ್ರಲೆ, ಯಾರಾರೂ ಸತ್ರಾ? ಪಾರೆಗೂ ಒಂದ್ ಬಂದ್ ಮಾಡುವ."

*

ನಮ್ಮ ಕಡೆ ಬಂದ್ ಎಂದರೆ ಬಂದ್. ಶ್ರಾವಣದ ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಡುವ ತನಕ ದೋಣಿ ಇಳಿಸಿದವನಿಗೆ ಊರಲ್ಲಿ ಯಾರೂ ನೀರು ಕೊಡುವುದಿಲ್ಲ, ಅವನು ಹಿಡಿದ ಮೀನನ್ನು ಯಾವ ಹೆಂಗಸೂ ಬುಟ್ಟಿಗೆ ಹಾಕಿಕೊಳ್ಳುವುದಿಲ್ಲ. ಇದನ್ನು ಬರೆದಿಟ್ಟವರು ಯಾರೂ ಇಲ್ಲ. ಮುರಿದವರೂ ಇಲ್ಲ.

ಮಾರನೆಯ ಬೆಳಿಗ್ಗೆ ಅತ್ತೆ ಮೀನು ಮಾರುಕಟ್ಟೆಯ ನಡುವೆ ನಿಂತು ಕೂಗಿ ಹೇಳಿದರು. ನಾನು ಪಕ್ಕದಲ್ಲಿ ನಿಂತು, ಪಾಚಿ ತನ್ನ ಬಣ್ಣವನ್ನು ತಾನೇ ಉಂಡು ಬದುಕುವುದನ್ನು ವಿವರಿಸಿದೆ. ಅರ್ಧ ಜನಕ್ಕೆ ಅರ್ಥವಾಯಿತು. ಉಳಿದವರಿಗೆ "ಕಲ್ಲಬೆಂಗ್ರೆ" ಎಂಬ ಒಂದು ಮಾತು ಸಾಕಾಯಿತು. ಆಸ್ಪತ್ರೆಯ ಕರೆಂಟಿಗೆ ಕೈ ಹಾಕುವುದಿಲ್ಲ, ಮನೆಗೊಂದು ದೀಪ, ಅದೂ ಅಡುಗೆ ಹೊತ್ತಿಗೆ. ಇಷ್ಟೇ ಕಟ್ಟಳೆ.

ಸುಲಭವಾಗಿತ್ತೆಂದು ಯಾರಾದರೂ ಹೇಳಿದರೆ ಸುಳ್ಳು. ಮೇ ತಿಂಗಳ ಕರಾವಳಿ! ಮೈಮೇಲೆ ಬಟ್ಟೆಯೇ ಬೇಡ ಅನ್ನಿಸುವ ಸೆಕೆ. ಜನ ಚಾಪೆ ಹಿಡಿದುಕೊಂಡು ದೋಣಿ ನಿಲ್ಲುವ ದಕ್ಕೆಗೆ ಹೋಗಿ ಮಲಗಿದರು. ಎಳೆ ಮಕ್ಕಳ ಮೈಯಲ್ಲಿ ಬೆವರುಸಾಲೆ ಎದ್ದಿತು. ಕದ್ದು ಫ್ಯಾನು ಹಾಕಿದವರೂ ಇದ್ದರು. ನೆರೆಮನೆಯವರು ಗೋಡೆಗೆ ಕಿವಿಕೊಟ್ಟು, "ಎಂತ ಅಕ್ಕ, ಒಳಗೆ ದೊಡ್ಡ ಗಾಳಿಯಾ?" ಎಂದು ಕೇಳಿದರೆ ಸಾಕು, ಫ್ಯಾನು ನಿಲ್ಲುತ್ತಿತ್ತು. ಬೈದವರೂ ಇದ್ದರು, ಮುಖಕ್ಕೆ ಹೊಡೆದ ಹಾಗೆ. "ನಿನ್ನ ಓದಿನ ದೆಸೆಯಿಂದ ನಮ್ಮ ಮಗು ನಿದ್ದೆ ಮಾಡ್ತಿಲ್ಲ" ಎಂದು ಒಬ್ಬಳು ಅತ್ತಳು. ಅವಳ ಮಗುವನ್ನು ಎತ್ತಿಕೊಂಡು ದಕ್ಕೆಯ ಗಾಳಿಯಲ್ಲಿ ಬೆಳಗಿನವರೆಗೆ ಓಡಾಡಿದೆ.

ಕಂಟ್ರೋಲ್ ರೂಮಿನಲ್ಲಿ ಕೆಂಪು ಗೆರೆ ಇಳಿಯಿತು. ಮೊದಲು ನೀಲಿಯನ್ನು ಮುಟ್ಟಿತು, ಆಮೇಲೆ ಅದರ ಕೆಳಗೆ ಜಾರಿತು. ಫೆಲಿಕ್ಸ್ ಗಂಟಲು ಸರಿಮಾಡಿಕೊಂಡು, "ಸಾರ್, ಕೊರತೆ ಇಲ್ಲ" ಎಂದ.

"ಕೊರತಿ ಇಲ್ಲಾ? ಮೀಟರ್ ಕೆಟ್ಟಾವೇನು?" ಹಂಪಣ್ಣವರು ಪರದೆಯ ಹತ್ತಿರ ಹೋದರು. ನಂಬಲಿಲ್ಲ. ಊರಿಡೀ ಸುತ್ತಿ ಬಂದರು. ಬಂದವರೇ ಫೆಲಿಕ್ಸನಿಗೆ, "ಬೀದಿ ದೀಪಾ ಎಲ್ಲಾ ಹಚ್ಚು" ಎಂದರು.

"ಈಗ ಬೆಳಿಗ್ಗೆ ಹತ್ತು ಗಂಟೆ ಸಾರ್."

"ಹಚ್ಚು ಅಂದ್ನೆಪಾ!"

ಹಾಡುಹಗಲಲ್ಲಿ ತೆರೆಗೋಡಿನ ದೀಪಗಳೆಲ್ಲ ಉರಿದವು. ಆಫೀಸಿನ ಎಸಿ, ಗೆಸ್ಟ್‌ಹೌಸಿನ ಎಸಿ, ಖಾಲಿ ಕೋಣೆಗಳ ಎಸಿ, ಒಂದನ್ನೂ ಬಿಡಲಿಲ್ಲ. ಕೆಂಪು ಗೆರೆ ತೆವಳುತ್ತಾ ಮೇಲೆ ಬಂತು. ನೀಲಿಯನ್ನು ದಾಟಿತು, ಬಹಳವಲ್ಲ, ಕೂದಲೆಳೆಯಷ್ಟು. ಒಂದು ವಾರ ಹಾಗೇ ನಿಂತರೆ ವಾಲ್ವಿಗೆ ಅಷ್ಟು ಸಾಕಿತ್ತು.

"ಕೊರತೆ ಇಲ್ಲದ ಊರಲ್ಲಿ ಕೊರತೆ ಹುಟ್ಟಿಸ್ತಿದ್ದೀರಿ ಸಾರ್! ನಾಚಿಕೆಯಾಗುವುದಿಲ್ಲವಾ?" ನಾನು ಮೇಜಿಗೆ ಕೈ ಕುಟ್ಟಿದೆ. ಲೋಟ ಉರುಳಿತು.

"ಆಗ್ತದ ಮೇಡಮ್" ಎಂದರು ಅವರು, ಮುಖ ತಗ್ಗಿಸಿ. "ಆದ್ರ ಮಂತ್ರಿ ಬಂದಾಗ ಪಾಚಿ ಬೆಳ್ಳಗ ಇದ್ರ ಮ್ಯಾಲಿನವ್ರಿಗೆ ಏನ್ ಹೇಳ್ಲಿ? ನೀವಿನ್ನ ಮನೀಗೆ ನಡೀರಿ. ನಾಳಿಂದ ಬರೂದು ಬ್ಯಾಡ."

ಹಾಗೆ ನನ್ನ ಕೆಲಸ ಹೋಯಿತು. ಬೀದಿ ದೀಪಗಳ ಸಾಲಿನ ಕೆಳಗೆ ಸುಡುಬಿಸಿಲಲ್ಲಿ ನಡೆದು ಮನೆಗೆ ಬಂದೆ. ಅತ್ತೆಗೆ ಎಲ್ಲ ಹೇಳಿದೆ, ಹೇಳುತ್ತಾ ಗೊಳೋ ಎಂದು ಅತ್ತುಬಿಟ್ಟೆ.

ಅತ್ತೆ ಕೇಳಿದರು, "ಇನ್ನ್ ಊರಲ್ಲಿ ಎಂತ ಉಳಿದಿತ್ತ್, ಬಂದ್ ಮಾಡೂಕೆ?"

ಉಳಿದದ್ದು ಒಂದೇ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಐಸ್ ಪ್ಲಾಂಟ್. ಅರ್ಧ ಕರೆಂಟಲ್ಲೂ ಅದೊಂದನ್ನು ಓಡಿಸಿಕೊಳ್ಳಬೇಕೆಂದೇ ಮನೆಗಳೆಲ್ಲ ಕತ್ತಲಲ್ಲಿ ಕೂತಿದ್ದವು. ಅದು ನಿಂತರೆ ಹಿಡಿದ ಮೀನು ಹೊರಗೆ ಹೋಗುವುದಿಲ್ಲ. ಅದನ್ನು ನಿಲ್ಲಿಸಿ ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ.

ಅತ್ತೆ ಎದ್ದು ಮುಖ ತೊಳೆದುಕೊಂಡರು, ಸೀರೆ ಬಿಗಿದು ಉಟ್ಟರು. ಸಂಘದ ಹೆಂಗಸರನ್ನು ಸೇರಿಸಿ ಐಸ್ ಪ್ಲಾಂಟಿಗೆ ಹೋದರು. ಅಲ್ಲಿ ದೊಡ್ಡ ಗಲಾಟೆಯೇ ಆಯಿತು. "ಮೀನ್ ಎಂತ ಮಾಡುದ್ ಗುಲಾಬಕ್ಕ, ತಲೆ ಮೇಲೆ ಹೊತ್ಕಂಬುದಾ?" ಎಂದು ಒಬ್ಬಳು ಚೀರಿದಳು. "ಉಪ್ಪ್ ಹಾಕಿ ಒಣಗ್ಸ್. ನಿನ್ನ ಅಜ್ಜಿಗೆ ಐಸ್ ಪ್ಲಾಂಟ್ ಇತ್ತಾ?" ಎಂದರು ಅತ್ತೆ. ಅವರ ಸ್ವರ ಒಡೆದಿತ್ತು. ಆ ಪ್ಲಾಂಟನ್ನು ಕಟ್ಟಿಸಲು ಅವರು ಕುತ್ತಿಗೆಯ ಸರ ಮಾರಿದ್ದರೆಂದು ಊರಿಗೆಲ್ಲ ಗೊತ್ತು. ಸ್ವಿಚ್ಚನ್ನು ಅವರೇ ಕೆಳಗೆ ಎಳೆದರು. ಮೆಶಿನ್ನಿನ ಸದ್ದು ನಿಂತಿತು, ಹೆಂಗಸರು ಉಪ್ಪು ತರಲು ಹೊರಟರು.

ಕೆಂಪು ಗೆರೆ ಧೊಪ್ಪೆಂದು ಬಿತ್ತಂತೆ. ಹಂಪಣ್ಣವರು ಹಚ್ಚಿದ ಹಗಲುದೀಪಗಳೆಲ್ಲ ಸೇರಿದರೂ ಅದನ್ನು ಎತ್ತಲಾಗಲಿಲ್ಲ. ಫೆಲಿಕ್ಸ್ ಫೋನು ಮಾಡಿ, "ವಾರಿಜಾಬಾಯಿ, ವಾಲ್ವು ಮುಚ್ಚಿಕೊಂಡೇ ಉಂಟು" ಎಂದಷ್ಟೇ ಹೇಳಿ ಇಟ್ಟ.

*

ಮರುದಿನ ಊರಿಡೀ ಮೈಕು ಕೂಗಿತು: ಬೇಸಗೆ ಮುಗಿಯುವ ತನಕ ಕರೆಂಟು ಪುಕ್ಕಟೆ, ಎಷ್ಟು ಬೇಕಾದರೂ ಉರಿಸಿ! ಯಾರೂ ಬಾಗಿಲಿಗೂ ಬರಲಿಲ್ಲ. ಅಂಗಳ, ಹಂಚಿನ ಮಾಡು, ಮರಳು, ಎಲ್ಲೆಂದರಲ್ಲಿ ಮೀನು ಒಣಗುತ್ತಿತ್ತು, ಹೆಂಗಸರು ಕಾಗೆ ಓಡಿಸುತ್ತಿದ್ದರು.

ಮಧ್ಯಾಹ್ನ ಹಂಪಣ್ಣವರು ತಾವೇ ನಮ್ಮ ಮನೆಗೆ ಬಂದರು. ಅಂಗಿ ಮೈಗೆ ಅಂಟಿತ್ತು. ಅತ್ತೆ ಕುರ್ಚಿ ಕೊಟ್ಟು, ಬೆಲ್ಲ ನೀರು ಕೊಟ್ಟರು. ಅತಿಥಿ ಅತಿಥಿಯೇ.

"ಅವ್ವಾರ" ಎಂದರು ಅವರು, "ನಿಮ್ಮ ಮಾತು ಊರೆಲ್ಲಾ ಕೇಳ್ತದಂತ. ಐಸ್ ಪ್ಲಾಂಟ್ ಚಾಲೂ ಮಾಡ್ರಿ. ಪುಕ್ಕಟೆ ಅದರೀ, ಒಂದು ಪೈಸೆ ಬ್ಯಾಡ. ಮೇಡಮ್ಮರನ್ನೂ ವಾಪಸ್ ಕೆಲಸಕ್ಕ ತಗೋತೀನಿ."

ಅತ್ತೆ ನನ್ನ ಕಡೆ ನೋಡಿದರು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಆ ಕೆಲಸ ನನಗೆ ಬೇಕಿತ್ತು, ಸುಳ್ಳು ಯಾಕೆ ಹೇಳಲಿ. ಪಾರೆ ಅದಕ್ಕಿಂತ ಜಾಸ್ತಿ ಬೇಕಿತ್ತು.

"ಹ್ವಾಯ್ ಸಾಹೇಬ್ರೆ" ಎಂದರು ಅತ್ತೆ, "ಆಷಾಢದಲ್ಲಿ ಕಡಲಲ್ಲಿ ಮೀನೂ ಪುಕ್ಕಟೆಯೇ. ನಾವ್ ಹೋಪುದಿತ್ತಾ?"

ಸಾಹೇಬರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಕಿಟಕಿಯಿಂದ ಪಾರೆ ಕಾಣುತ್ತಿತ್ತು. ಇಳಿತದಲ್ಲಿ ಬರಿದಾಗಿ, ಒಣಹುಲ್ಲಿನ ಬಣ್ಣಕ್ಕೆ ತಿರುಗಿದ ಪಾಚಿಯನ್ನು ಅವರು ಬಹಳ ಹೊತ್ತು ನೋಡಿದರು.

"ಅದು ಬದುಕೇದ ಅಂತೀರೇನ್ರಿ ಮೇಡಮ್?"

"ಬದುಕಿದೆ ಸಾರ್. ಹೊಟ್ಟೆ ಕಟ್ಟಿಕೊಂಡು ಕೂತಿದೆ, ನಮ್ಮ ಹಾಗೆ."

ಅವರ ಹಣೆಯಿಂದ ಬೆವರು ಮೂಗಿನ ತುದಿಗೆ ಇಳಿಯಿತು. ಕೊನೆಗೆ ತಲೆ ಎತ್ತಿ ಮಾಡಿಗೆ ನೇತುಬಿದ್ದ ಫ್ಯಾನನ್ನು ನೋಡಿದರು.

"ಅವ್ವಾರ, ಒಂದೈದು ನಿಮಿಷ ಫ್ಯಾನ್ ಹಚ್ಚಿದ್ರ ಪುಣ್ಯಾ ಬರ್ತದ ನಿಮಗ."

ಅತ್ತೆ ಒಳಗೆ ಹೋಗಿ ಅಡಿಕೆ ಹಾಳೆಯ ಬೀಸಣಿಗೆ ತಂದು ಅವರ ಕೈಗಿಟ್ಟರು.

"ಬಂದ್ ಇತ್ತ್ ಸಾಹೇಬ್ರೆ. ಬೀಸ್ಕಣಿ."

ಅವರು ಬೀಸಣಿಗೆಯನ್ನು ನೋಡಿದರು, ಅತ್ತೆಯನ್ನು ನೋಡಿದರು. ಆಮೇಲೆ ಕುರ್ಚಿಗೆ ಒರಗಿ ನಿಧಾನಕ್ಕೆ ಬೀಸಿಕೊಳ್ಳತೊಡಗಿದರು.